ಪಳನಿ ಪಾದಯಾನ: ಗುಡ್ಡದೂರಿನಲ್ಲಿ ಗಂಡ ಹೆಂಡತಿ ನಡೆಯುವ ಬಗೆಯ ಮೇಲೊಂದು ಸಂಶೋಧನ ಪ್ರಬಂಧ

ಒಂದು: ಸಮಸ್ಯೆ ಮತ್ತು ಪ್ರಮೇಯ

ಗುಡ್ಡದೂರೊಂದನ್ನು ಗಂಡ ಹೆಂಡತಿ ಜೊತೆಯಾಗಿ ನಡೆದು ನೋಡುವಾಗ ಯಾರು ಮೊದಲು ನಿಲ್ಲುತ್ತಾರೆ, ಏನು ನೆಪ ಹೇಳಿ ನಿಲ್ಲುತ್ತಾರೆ ಎಂಬ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರವಿಲ್ಲ. ಕಾರಣ ಊಹಿಸಬಹುದು. ವಿದ್ವಾಂಸರು ಕ್ಷೇತ್ರಕಾರ್ಯಕ್ಕೆ ಹೆಂಡತಿಯನ್ನು ಕರೆದೊಯ್ಯುವುದಿಲ್ಲ. ಕರೆದೊಯ್ದವರು ಊರಿಗೆ ಮರಳಿದ ಮೇಲೆ ಪ್ರಬಂಧ ಬರೆಯುವ ಮನಃಸ್ಥಿತಿಯಲ್ಲಿರುವುದಿಲ್ಲ.

ಇಲ್ಲಿ ಮಂಡಿಸುತ್ತಿರುವ ಪ್ರಮೇಯ ಇಷ್ಟು: ಗುಡ್ಡದೂರನ್ನು ದಂಪತಿ ನಡೆದು ನೋಡುವುದಿಲ್ಲ, ನಿಂತು ನೋಡುತ್ತಾರೆ. ನಡಿಗೆ ಎಂಬುದು ಎರಡು ನಿಲುಗಡೆಗಳ ನಡುವೆ ಅನಿವಾರ್ಯವಾಗಿ ಒದಗುವ ಕಷ್ಟ. ನಿಲ್ಲುವುದಕ್ಕೆ ನಿಜವಾದ ಕಾರಣ ದಮ್ಮು ಕಟ್ಟುವುದು. ಆದರೆ ಮದುವೆಯಾದ ಮನುಷ್ಯ ದಮ್ಮು ಕಟ್ಟಿತೆಂದು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ನೆಪ ಬೇಕು. ನೆಪಗಳ ಕೂಲಂಕಷ ವಿವೇಚನೆಯೇ ಈ ಅಧ್ಯಯನದ ಉದ್ದೇಶ.

ಈ ಶಾಸ್ತ್ರಕ್ಕೆ ಇದುವರೆಗೆ ಸಾಮಗ್ರಿ ಒದಗಿಸಿದವರು ದಕ್ಷಿಣ ಅಮೆರಿಕ ಸುತ್ತಿಬಂದು, ನೆಂಟರನ್ನು ಸೋಫಾದ ಮೇಲೆ ಕೂರಿಸಿ, ಟೀವಿಗೆ ಫೋನು ಜೋಡಿಸಿ ಫೋಟೋ ತೋರಿಸುವ ದಂಪತಿಗಳು. ಚಿಲಿಯ ವಾಲ್ಪರೈಸೊ ಬಂದರಿನ ಗುಡ್ಡಗಳು, ಬೊಲಿವಿಯಾದ ಲಾ ಪಾಸ್, ಕೊಲಂಬಿಯಾದ ಮೆಡೆಯೀನ್ ಇವರ ಮೆಚ್ಚಿನ ಊರುಗಳು. ದುರದೃಷ್ಟವಶಾತ್ ಅಲ್ಲಿನ ಸಾಮಗ್ರಿಯೆಲ್ಲ ಕಲಬೆರಕೆ. ವಾಲ್ಪರೈಸೊದಲ್ಲಿ ಮೆಟ್ಟಿಲಿಗೂ ಗೋಡೆಗೂ ಬಣ್ಣ ಬಳಿದು ಚಿತ್ರ ಬರೆದಿದ್ದಾರೆ. ಗಂಡ ನಿಂತದ್ದು ಚಿತ್ರ ನೋಡುವುದಕ್ಕೋ ಉಸಿರಾಡುವುದಕ್ಕೋ ತಿಳಿಯುವುದಿಲ್ಲ. ಲಾ ಪಾಸ್ ಇರುವುದೇ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿ. ಅಲ್ಲಿ ಹೋಟೆಲಿನ ರೂಮಿನಲ್ಲಿ ಸುಮ್ಮನೆ ಕೂತವನಿಗೂ ಏದುಸಿರು, ಕೋಕಾ ಎಲೆಯ ಚಹಾ ಕುಡಿಯಲು ಗೌರವಯುತವಾದ ಕಾರಣ. ಇವೆಲ್ಲದರ ಮೇಲೆ ಕಾಲಲ್ಲಿ ಬೂಟು, ಬೂಟಿಗೆ ಲೇಸು, ಕೈಯಲ್ಲಿ ಕ್ಯಾಮೆರಾ, ಮೂಲೆಗೊಂದು ಕಾಫಿ ಅಂಗಡಿ. ಇಷ್ಟೊಂದು ನೆಪ ಒಂದೇ ಕಡೆ ಸಿಕ್ಕುವಲ್ಲಿ ವಿಜ್ಞಾನ ನಡೆಯುವುದಿಲ್ಲ.

ಬೇಕಾದದ್ದು, ನೆಪಗಳನ್ನು ಒಂದೊಂದಾಗಿ ಬುಡದಲ್ಲೇ ಕಿತ್ತುಕೊಳ್ಳುವ ಒಂದು ಊರು.

ಎರಡು: ಪ್ರಯೋಗಶಾಲೆ

ಅಂಥ ಊರು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಪಳನಿ. ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ಚಾಚಿಕೊಂಡ ಪಳನಿ ಬೆಟ್ಟಸಾಲಿನ ಬುಡದಲ್ಲಿ, ಬಯಲಿನ ನಡುವೆ ಒಂಟಿಯಾಗಿ ಎದ್ದ ಶಿವಗಿರಿ ಎಂಬ ಗುಡ್ಡ. ನೆಲಮಟ್ಟದಿಂದ ಸುಮಾರು 450 ಅಡಿ. ತುದಿಯಲ್ಲಿ ದಂಡಾಯುಧಪಾಣಿ ಸ್ವಾಮಿ, ಎಂದರೆ ತಮಿಳರ ಮುರುಗನ್, ನಮ್ಮ ಷಣ್ಮುಖ. ಹತ್ತಲು ಮೆಟ್ಟಿಲ ದಾರಿ ಒಂದು, ಮೆಟ್ಟಿಲು ಕಡಿಮೆಯಿರುವ ಆನೆ ದಾರಿ ಇನ್ನೊಂದು. ಮೊಣಕಾಲು ಮುಷ್ಕರ ಹೂಡಿದವರಿಗೆ 1966ರಿಂದ ಹಳಿಯ ಮೇಲೆ ಹಗ್ಗ ಎಳೆಯುವ ವಿಂಚ್ ಇದೆ. 2004ರಿಂದ ರೋಪ್ ಕಾರ್ ಇದೆ. ವಾಲ್ಪರೈಸೊದ ಜನ ಇಂಥದೇ ಹಳಿಗಾಡಿಯಲ್ಲಿ 1883ರಿಂದ ಗುಡ್ಡ ಹತ್ತುತ್ತಿದ್ದಾರೆ, ನಿಜ. ಆದರೆ ತಂತಿಯ ಮೇಲೆ ತೂಗುವ ಗಾಡಿಯ ವಿಷಯದಲ್ಲಿ ಪಳನಿ ಯಾರಿಗೂ ಹಿಂದೆ ಬಿದ್ದಿಲ್ಲ. ಮೆಡೆಯೀನ್ ನಗರದ ಪ್ರಸಿದ್ಧ ಮೆಟ್ರೋಕೇಬಲ್ ಆರಂಭವಾದದ್ದೂ 2004ರಲ್ಲೇ. ಲಾ ಪಾಸ್ ತನ್ನ ತಂತಿಗಾಡಿಯ ಮೊದಲ ಮಾರ್ಗ ತೆರೆದದ್ದು 2014ರಲ್ಲಿ, ಪಳನಿಗಿಂತ ಹತ್ತು ವರ್ಷ ತಡವಾಗಿ.

ಇನ್ನು ಪಳನಿ ಕಿತ್ತುಕೊಳ್ಳುವ ನೆಪಗಳು. ಚಪ್ಪಲಿ ಕೆಳಗೇ ಬಿಡಬೇಕು. ಲೇಸು ಕಟ್ಟುವ ನೆಪ ಅಲ್ಲಿಗೆ ಮುಗಿಯಿತು. 2023ರ ಅಕ್ಟೋಬರ್ 1ರಿಂದ ಬೆಟ್ಟದ ಮೇಲೆ ಮೊಬೈಲ್ ನಿಷೇಧ. ಮೆಟ್ಟಿಲ ದಾರಿ, ವಿಂಚ್, ರೋಪ್ ಕಾರ್ ಮೂರೂ ಕಡೆ ಕೌಂಟರುಗಳಿವೆ, ಫೋನಿಗೆ 5 ರೂಪಾಯಿ ಕೊಟ್ಟು ಅಲ್ಲಿರಿಸಿ ಹೋಗಬೇಕು. ಹೀಗೆ ಸೆಲ್ಫಿ, ವಾಟ್ಸಾಪು, ಆಫೀಸಿನಿಂದ ಕರೆ, ‘ಗೂಗಲ್ಲಿನಲ್ಲಿ ದಾರಿ ನೋಡ್ತೀನಿ ತಡಿ’ ಎಂಬ ನಾಲ್ಕು ದೊಡ್ಡ ನೆಪಗಳು ಒಂದೇ ಆದೇಶದಲ್ಲಿ ತೀರಿಹೋದವು. 2024ರಿಂದ ಬೆಟ್ಟದ ಸುತ್ತಲಿನ ಗಿರಿವೀಧಿಗೆ ಖಾಸಗಿ ವಾಹನ ಬರುವಂತಿಲ್ಲ. ‘ಕಾರು ಎಲ್ಲಿ ನಿಲ್ಲಿಸಿದೆವು ನೋಡಿ ಬರ್ತೀನಿ’ ಎಂಬುದೂ ಹೋಯಿತು. ಮುಡಿ ಕೊಡುವ ಹರಕೆಯವರು ತಲೆಗೂದಲನ್ನೂ ಬಿಟ್ಟು ಹತ್ತುವುದರಿಂದ ತಲೆ ಬಾಚಿಕೊಳ್ಳುವ ನೆಪವೂ ಇಲ್ಲ.

ಇದೇ ಪಳನಿಯಲ್ಲಿ 2024ರ ಆಗಸ್ಟ್ 24 ಮತ್ತು 25ರಂದು ಮುತ್ತಮಿಳ್ ಮುರುಗನ್ ಮಹಾಸಮ್ಮೇಳನ ನಡೆದು ದೇಶವಿದೇಶದ ವಿದ್ವಾಂಸರು ಪ್ರಬಂಧ ಮಂಡಿಸಿದರು. ಮುರುಗನ ವಿಷಯದಲ್ಲಿ ವಿದ್ವತ್ತಿಗೆ ಬರಗಾಲವಿಲ್ಲ. ಅವನನ್ನು ನೋಡಲು ಹತ್ತುವ ಗಂಡಹೆಂಡಿರ ವಿಷಯದಲ್ಲಿ ಮಾತ್ರ ಇದೆ.

ಮೂರು: ಪೂರ್ವಸೂರಿಗಳು

ಯಾವ ಪ್ರಬಂಧವೂ ಹಿಂದಿನವರನ್ನು ನೆನೆಯದೆ ಮುಂದುವರಿಯಬಾರದು. ನೆನೆದು ಅವರು ಹೇಳಿದ್ದು ಸಾಲದೆನ್ನಬೇಕು.

ಈ ಶಾಸ್ತ್ರದ ಆದಿಪುರುಷ ಗಣಪತಿ. ನಾರದರು ತಂದ ಹಣ್ಣಿಗೆ ಅಣ್ಣತಮ್ಮಂದಿರ ಪೈಪೋಟಿಯಾಗಿ, ಜಗತ್ತನ್ನು ಮೊದಲು ಸುತ್ತಿ ಬಂದವನಿಗೆ ಹಣ್ಣು ಎಂದಾದಾಗ, ಷಣ್ಮುಖ ನವಿಲೇರಿ ಹೊರಟ. ಗಣಪತಿ ಅಪ್ಪ ಅಮ್ಮನಿಗೆ ಒಂದು ಸುತ್ತು ಬಂದು ಹಣ್ಣು ಈಸಿಕೊಂಡ. ದಂಪತಿಯನ್ನೇ ಅಧ್ಯಯನ ಕ್ಷೇತ್ರವಾಗಿ ಆರಿಸಿಕೊಂಡ ಮೊದಲ ಸಂಶೋಧಕ ಅವನೇ. ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಸಿದ ಕೊನೆಯವನೂ ಅವನೇ. ಮುನಿಸಿಕೊಂಡ ತಮ್ಮ ಕೈಲಾಸ ಬಿಟ್ಟು ಬಂದು ನಿಂತದ್ದು ಪಳನಿಯಲ್ಲಿ, ಕೌಪೀನ ತೊಟ್ಟು, ಕೈಯಲ್ಲಿ ಕೋಲು ಹಿಡಿದು, ಒಬ್ಬಂಟಿಯಾಗಿ. ಬೇರೆ ಕ್ಷೇತ್ರಗಳಲ್ಲಿ ವಳ್ಳಿ ದೇವಸೇನೆಯರ ನಡುವೆ ನಗುತ್ತಾ ನಿಲ್ಲುವ ದೇವರು ಇಲ್ಲಿ ಸಂಸಾರದ ಸಹವಾಸವೇ ಬೇಡವೆಂದು ನಿಂತಿದ್ದಾನೆ. ಅವನ ಮುಂದೆ ನಿಂತು ದಂಪತಿಗಳು ದಾಂಪತ್ಯಸುಖ ಬೇಡಿಕೊಳ್ಳುತ್ತಾರೆ. ಅಣ್ಣನೂ ಹತ್ತಿರದಲ್ಲೇ ಇದ್ದಾನೆ, ಮೆಟ್ಟಿಲಿನ ಬುಡದಲ್ಲಿ, ಪಾದ ವಿನಾಯಕನಾಗಿ. ಅವನು ಇಂದಿಗೂ ಮೇಲೆ ಹತ್ತುವ ಉಸಾಬರಿಗೆ ಹೋಗಿಲ್ಲ.

ಎರಡನೆಯ ಪೂರ್ವಸೂರಿ ಇಡುಂಬ. ಅಗಸ್ತ್ಯರ ಮಾತಿನಂತೆ ಶಿವಗಿರಿ, ಶಕ್ತಿಗಿರಿ ಎಂಬ ಎರಡು ಗುಡ್ಡಗಳನ್ನು ಅಡ್ಡೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ತೆಂಕಣಕ್ಕೆ ಹೊರಟ ಈ ಅಸುರ, ಪಳನಿಯ ಹತ್ತಿರ ಸುಧಾರಿಸಿಕೊಳ್ಳಲು ಭಾರ ಇಳಿಸಿದ. ಮತ್ತೆ ಎತ್ತಲಾಗಲಿಲ್ಲ. ಗುಡ್ಡದ ಮೇಲೆ ನಿಂತಿದ್ದ ಹುಡುಗನೊಡನೆ, ಎಂದರೆ ಮುರುಗನೊಡನೆ, ಜಗಳವಾಗಿ ಇಡುಂಬ ಸತ್ತ. ಹೆಂಡತಿ ಇಡುಂಬಿ ಮೊರೆಯಿಟ್ಟ ಮೇಲೆ ಬದುಕಿದ. ಕಾವಡಿ ಹೊರುವ ಪದ್ಧತಿಗೆ ಈ ಕಥೆಯೇ ಮೂಲವೆನ್ನುತ್ತಾರೆ. ಪಾದಯಾನ ಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಎರಡು ಸಂಗತಿ ಸಿದ್ಧವಾಗುತ್ತವೆ. ಗಂಡಸರು ಅಗತ್ಯಕ್ಕಿಂತ ಹೆಚ್ಚು ಲಗೇಜು ತರುತ್ತಾರೆ. ಅವರು ಮಾಡಿಕೊಂಡ ರಾದ್ಧಾಂತವನ್ನು ಹೆಂಗಸರು ಬಂದು ಮಾತಾಡಿ ಬಗೆಹರಿಸಬೇಕಾಗುತ್ತದೆ.

ಮೂರನೆಯವನು ಪೇಗನ್. ಸಂಗಮ್ ಕಾಲದ ಏಳು ಮಹಾದಾನಿಗಳಲ್ಲಿ ಒಬ್ಬನಾದ ಈ ನಾಯಕ ಪಳನಿ ಬೆಟ್ಟಸೀಮೆಯನ್ನು ಆಳಿದವನು. ಚಳಿಯಲ್ಲಿ ನವಿಲು ನಡುಗುತ್ತಿದೆಯೆಂದು ಭಾವಿಸಿ ಹೊದ್ದಿದ್ದ ಶಾಲನ್ನೇ ಅದಕ್ಕೆ ಹೊದಿಸಿದನೆಂದು ಅವನ ಕೀರ್ತಿ. ಇದೇ ಮಹಾನುಭಾವ ಹೆಂಡತಿ ಕಣ್ಣಕಿಯನ್ನು ಬಿಟ್ಟು ಬೇರೊಬ್ಬಳ ಮನೆಯಲ್ಲಿದ್ದ. (ಈಕೆ ಸಿಲಪ್ಪದಿಕಾರದ ಕಣ್ಣಗಿಯಲ್ಲ, ಬೇರೆ.) ಕಪಿಲರ್, ಪರಣರ್ ಮೊದಲಾದ ಕವಿಗಳು ಅವಳ ಅಳಲು ಕಂಡು, ತಮಗೆ ಬೇರೆ ಬಹುಮಾನ ಬೇಡ, ಅವಳಿದ್ದಲ್ಲಿಗೆ ರಥ ಹೂಡಿಸು ಎಂಬರ್ಥದಲ್ಲಿ ಹಾಡಿದ್ದು ಪುರನಾನೂರು ಎಂಬ ಪದ್ಯಸಂಕಲನದಲ್ಲಿ ಸೇರಿದೆ. ನವಿಲಿಗೆ ಶಾಲು, ಮನೆಯವಳಿಗೆ ಕಣ್ಣೀರು. ಬೆಟ್ಟದ ತುದಿಯಲ್ಲಿ ಮಂಗಕ್ಕೆ ಬಾಳೆಹಣ್ಣು ಕೊಟ್ಟು ಪುಣ್ಯ ಕಟ್ಟಿಕೊಂಡು, ಹೆಂಡತಿ ನೀರು ಕೇಳಿದರೆ ‘ಕೆಳಗೆ ಹೋಗಿ ಕುಡಿಯೋಣ’ ಎನ್ನುವ ಗಂಡಂದಿರು ಈ ಪರಂಪರೆಯವರು.

ಆ ಕಾಲದ ತಮಿಳಿನಲ್ಲಿ ಆಟ್ರುಪ್ಪಡೈ ಎಂಬ ಒಂದು ಕಾವ್ಯಪ್ರಕಾರವೇ ಇದೆ. ದಾನ ಪಡೆದು ಬಂದ ಕಲಾವಿದ ಎದುರಾದ ಬಡ ಕಲಾವಿದನಿಗೆ ದಾರಿ ಹೇಳುವುದು ಅದರ ಹೂರಣ. ಪಾಣನ (ಹಾಡುಗಾರನ) ಜೊತೆ ಅವನ ವಿರಲಿಯೂ (ನರ್ತಕಿ) ನಡೆಯುತ್ತಾಳೆ. ನಕ್ಕೀರರ ತಿರುಮುರುಗಾಟ್ರುಪ್ಪಡೈ ಮುರುಗನ ಆರು ನೆಲೆಗಳಿಗೆ ದಾರಿ ತೋರುವಾಗ ಪಳನಿಯ ಬುಡದ ಆವಿನನ್ಕುಡಿಯನ್ನು ಹೆಸರಿಸುತ್ತದೆ. ಹೀಗೆ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ತಮಿಳರು ದಾರಿ ಕೇಳುವುದನ್ನು ಕಲೆಯ ಮಟ್ಟಕ್ಕೇರಿಸಿದ್ದರು. ಇಂದಿನ ಗಂಡಂದಿರು ದಾರಿ ಕೇಳಲು ಒಪ್ಪದಿರುವುದು ನಾಗರಿಕತೆಯ ಅವನತಿಗೆ ಪುರಾವೆ.

ಆಧುನಿಕ ಯುಗಕ್ಕೆ ಬಂದರೆ, ಇದೇ ಬೆಟ್ಟಸಾಲಿನ ನೆತ್ತಿಯ ಕೊಡೈಕೆನಾಲಿಗೆ 1907ರಲ್ಲಿ ಬಂದ ಜಾನ್ ಮತ್ತು ಮೇರಿ ಎವರ್‌ಶೆಡ್ ದಂಪತಿಯನ್ನು ಬಿಡುವಂತಿಲ್ಲ. ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು, ಇಬ್ಬರೂ ಖಗೋಳಜ್ಞರು. ಮೋಟಾರು ರಸ್ತೆ ಇನ್ನೂ ಪೂರ್ತಿಯಾಗದಿದ್ದ ಆ ಕಾಲದಲ್ಲಿ ಕೊಡೈಗೆ ಹೋಗುವವರು ಕುದುರೆ, ಡೋಲಿ, ಇಲ್ಲವೇ ತಮ್ಮದೇ ಕಾಲನ್ನು ನೆಚ್ಚಬೇಕಿತ್ತು. 1909ರಲ್ಲಿ ಜಾನ್, ಸೌರಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಅದಕ್ಕೆ ಇಂದಿಗೂ ಎವರ್‌ಶೆಡ್ ಪರಿಣಾಮವೆಂದೇ ಹೆಸರು. ಮೇರಿ ಸೂರ್ಯನ ಜ್ವಾಲೆಗಳ ಅಧ್ಯಯನದಲ್ಲಿ ಕೈಜೋಡಿಸಿದ್ದಲ್ಲದೆ, ಡಾಂಟೆಯ ಕಾವ್ಯದಲ್ಲಿನ ಖಗೋಳದ ಮೇಲೆ ಪುಸ್ತಕ ಬರೆದರು. ಹದಿನಾರು ವರ್ಷ ಒಂದೇ ಗುಡ್ಡದ ಮೇಲಿದ್ದು ಜೊತೆಯಾಗಿ ದುಡಿದ ಈ ದಂಪತಿ ಒಂಬತ್ತು ಕೋಟಿ ಮೈಲಿಗೂ ಆಚೆಯ ಸೂರ್ಯನ ಮೇಲಿನ ಕಲೆ ಗಮನಿಸಿದರು. ಘಟ್ಟ ಹತ್ತುವಾಗ ಯಾರು ಮೊದಲು ಕೂತರು ಎಂಬುದನ್ನು ದಾಖಲಿಸಲಿಲ್ಲ. ವಿಜ್ಞಾನಕ್ಕೆ ತುಂಬಲಾರದ ನಷ್ಟ.

ನಾಲ್ಕು: ಪ್ರಯೋಗ

ಪ್ರಯೋಗಕ್ಕೆ ಆರಿಸಿಕೊಂಡದ್ದು ಮೈಸೂರು ಕಡೆಯ ಒಂದು ದಂಪತಿ. ಆಯ್ಕೆಗೆ ಕಾರಣವಿದೆ. ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಸತ್ಯಮಂಗಲದ ಮೇಲೆ ಬರುವ ಈ ದಾರಿಯಲ್ಲಿ ದಂಪತಿಯ ನಡುವಿನ ಮಾತೆಲ್ಲ ಮುಗಿದಿರುತ್ತದೆ. ಪ್ರಯೋಗ ಶುಭ್ರ ಹಲಗೆಯಿಂದ ಆರಂಭವಾಗುತ್ತದೆ. ಮೇಲಾಗಿ ಮೈಸೂರಿನ ಗಂಡಸಿಗೆ, ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಕಾಲೇಜು ದಿನಗಳಲ್ಲಿ ಒಂದೇ ಉಸಿರಿಗೆ ಹತ್ತಿದ್ದೆನೆಂಬ ನಂಬಿಕೆ ಇರುತ್ತದೆ. ಈ ನಂಬಿಕೆಯನ್ನು ಪರೀಕ್ಷಿಸುವುದು ಪ್ರಬಂಧದ ವ್ಯಾಪ್ತಿಯಲ್ಲಿದೆ.

‘693 ಮೆಟ್ಟಿಲು ತಾನೇ? ನಮ್ಮ ಚಾಮುಂಡಿ ಬೆಟ್ಟಕ್ಕಿಂತ ಮುನ್ನೂರು ಕಮ್ಮಿ’ ಎಂದು ಗಂಡ ಪಾದ ವಿನಾಯಕನ ಎದುರು ಘೋಷಿಸಿದ್ದನ್ನು ಮೊದಲ ದತ್ತಾಂಶವಾಗಿ ಬರೆದುಕೊಳ್ಳಲಾಯಿತು. ಹೆಂಡತಿ ಕರ್ಪೂರ ಹಚ್ಚುತ್ತಿದ್ದವರು ತಿರುಗಿ ನೋಡಲಿಲ್ಲ. ಮೆಟ್ಟಿಲಿನ ಸಂಖ್ಯೆಯ ಬಗ್ಗೆಯೂ ಒಮ್ಮತವಿಲ್ಲ. ಹೆಚ್ಚಿನವರು 693 ಎನ್ನುತ್ತಾರೆ. 689 ಎಂದು ಬರೆದವರಿದ್ದಾರೆ, 697 ಎಂದವರೂ ಇದ್ದಾರೆ. ಮೆಟ್ಟಿಲು ಕಲ್ಲಿನದು, ಎಣಿಸುವುದು ಸುಲಭ. ಆದರೂ ಲೆಕ್ಕ ತಪ್ಪುವುದಕ್ಕೆ ಕಾರಣವೇನೆಂದು ಯಾರೂ ಕೇಳಿಲ್ಲ. ಎಣಿಸಿದವರಲ್ಲಿ ಹೆಚ್ಚಿನವರು ಜೋಡಿಯಾಗಿ ಹತ್ತುತ್ತಾ, ಇನ್ನೂರರ ಆಸುಪಾಸಿನಲ್ಲಿ ‘ಏನ್ರೀ, ಗ್ಯಾಸ್ ಆಫ್ ಮಾಡಿದ್ರಾ?’ ಎಂಬ ಪ್ರಶ್ನೆಗೆ ಉತ್ತರಿಸಿದವರಿರಬೇಕು ಎಂದು ಈ ಪ್ರಬಂಧ ಸೂಚಿಸುತ್ತದೆ.

ಮೊದಲ ನಿಲುಗಡೆ ಬಹಳ ಬೇಗ ಬಂತು. ಗಂಡ ಅಭ್ಯಾಸಬಲದಿಂದ ಬಗ್ಗಿ ಲೇಸಿನತ್ತ ಕೈ ಚಾಚಿದರು. ಬರಿಗಾಲು. ಎದ್ದು ನಿಂತು ಅಂಗಿಯ ಜೇಬು ತಡಕಿದರು. ಫೋನು ಕೌಂಟರಿನಲ್ಲಿತ್ತು. ಬೋಳಿಸಿದ ತಲೆಯ ಮೇಲೆ ಹಸಿ ಗಂಧ ಆರುತ್ತಿತ್ತು, ಬಾಚಣಿಗೆಗೂ ಕೆಲಸವಿಲ್ಲ. ಅವರು ಒಂದು ಕ್ಷಣ ಮಂಟಪದ ಕಂಬ ಹಿಡಿದು ಆಕಾಶ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: ‘ನೋಡೇ, ಮೇಲಿನ ವಿಗ್ರಹ ಇದೆಯಲ್ಲ, ಅದು ಕಲ್ಲಿನದಲ್ಲ, ಲೋಹದ್ದೂ ಅಲ್ಲ. ಭೋಗರ್ ಅಂತ ಒಬ್ಬ ಸಿದ್ಧ, ಒಂಬತ್ತು ಪಾಷಾಣ ಸೇರಿಸಿ...’

ಇದೇ ಈ ಅಧ್ಯಯನದ ಪ್ರಮುಖ ಶೋಧನೆ: ಉಳಿದೆಲ್ಲ ನೆಪಗಳನ್ನು ಕಿತ್ತುಕೊಂಡಾಗ ಗಂಡಸಿನ ಬಳಿ ಉಳಿಯುವುದು ಇತಿಹಾಸ. ಉಸಿರು ಕಮ್ಮಿಯಾದಷ್ಟೂ ಜ್ಞಾನ ಹೆಚ್ಚುತ್ತದೆ. ನವಪಾಷಾಣದ ವಿಚಾರ ಮಂಟಪವೊಂದರ ನೆರಳಿನ ತನಕ ಬಂತು. ಅರ್ಧದಾರಿಯ ಇಡುಂಬನ ಗುಡಿಯ ಬಳಿ ಇಡುಂಬನ ಕಥೆ ಸಾಂಗವಾಗಿ ನಡೆಯಿತು, ಅಗಸ್ತ್ಯರ ವಂಶಾವಳಿ ಸಹಿತ. ಅಲ್ಲಿಂದ ಮುಂದೆ ಗಂಡ ಪೀಠಿಕೆಯಿಲ್ಲದೆ ಚೇರ, ಪಾಂಡ್ಯ, ಮಧುರೆ ನಾಯಕರನ್ನು ಒಬ್ಬರ ಹಿಂದೊಬ್ಬರಂತೆ ಮೆಟ್ಟಿಲಿನ ಮೇಲೆ ನಿಲ್ಲಿಸಿಕೊಂಡೇ ಬಂದರು.

ಹೆಂಡತಿಯ ನಿಲುಗಡೆಗಳನ್ನು ದಾಖಲಿಸುವಾಗ ಮಾತ್ರ ಶಾಸ್ತ್ರಕ್ಕೆ ಪೆಟ್ಟು ಬಿತ್ತು. ಅವರು ಒಂದು ಕಡೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ‘ನಂಗೆ ಸುಸ್ತಾಯ್ತು, ಐದು ನಿಮಿಷ ಕೂತ್ಕೋತೀನಿ’ ಎಂದರು, ಕೂತರು, ಎದ್ದರು, ಹತ್ತಿದರು. ನೆಪವೇ ಇಲ್ಲ. ಮದುವೆಯಾದ ಮನುಷ್ಯ ದಮ್ಮು ಕಟ್ಟಿದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬ ಮೂಲ ಪ್ರಮೇಯಕ್ಕೆ ಇದು ನೇರ ವಿರುದ್ಧ. ವಿದ್ವತ್ ಸಂಪ್ರದಾಯದ ಪ್ರಕಾರ ಪ್ರಮೇಯಕ್ಕೆ ಒಗ್ಗದ ಸಾಮಗ್ರಿಯನ್ನು ಅಪವಾದವೆಂದು ಕರೆದು ಬದಿಗಿಡಬೇಕು. ದಂಪತಿಯಲ್ಲಿ ಅರ್ಧಭಾಗ ಅಪವಾದವಾದ್ದರಿಂದ ಬದಿಯಲ್ಲಿ ಜಾಗ ಸಾಲದೆ, ಅದನ್ನು ಇಲ್ಲೇ ಬರೆಯಬೇಕಾಗಿ ಬಂದಿದೆ.

ಐದು: ಗುರುತಿನ ಸಮಸ್ಯೆ

ಬೆಟ್ಟದ ತುದಿಯಲ್ಲಿ ದರ್ಶನ ಮುಗಿಸಿ ಹೊರಬರುವಾಗ ಜನಸಂದಣಿಯಲ್ಲಿ ದಂಪತಿ ಬೇರೆಯಾದರು. ಬೇರೆ ಊರಾಗಿದ್ದರೆ ಇದೊಂದು ಘಟನೆಯೇ ಅಲ್ಲ, ಫೋನು ತೆಗೆದು ‘ಎಲ್ಲಿದ್ದೀರಿ?’ ಎಂದರಾಯಿತು. ಪಳನಿಯಲ್ಲಿ ಫೋನಿಲ್ಲ. ‘ನಮ್ಮ ಯಜಮಾನರನ್ನು ನೋಡಿದ್ರಾ?’ ಎಂದು ಕೇಳಬೇಕಾದರೆ ವಿವರಣೆ ಕೊಡಬೇಕು: ಬೋಳು ತಲೆ, ತಲೆ ತುಂಬ ಗಂಧ, ಬಿಳಿ ಪಂಚೆ, ಹಣೆಗೆ ವಿಭೂತಿ, ವಯಸ್ಸು ಐವತ್ತರ ಮೇಲೆ, ಸ್ವಲ್ಪ ಹೊಟ್ಟೆ. ಆ ಹೊತ್ತಿನಲ್ಲಿ ಪ್ರಾಕಾರದಲ್ಲಿ ಈ ವಿವರಕ್ಕೆ ಹೊಂದದ ಗಂಡಸನ್ನು ಹುಡುಕುವುದೇ ಕಷ್ಟ. ಮುಡಿ ಕೊಟ್ಟ ಹೆಂಗಸರೂ ಮಕ್ಕಳೂ ಅಷ್ಟೇ ಸಂಖ್ಯೆಯಲ್ಲಿದ್ದರು. ಗಂಧ ಬಳಿದ ತಲೆಗಳು ಬುಟ್ಟಿಯಲ್ಲಿ ಜೋಡಿಸಿಟ್ಟ ಮೂಸಂಬಿಯಂತೆ ಒಂದರ ಪಕ್ಕ ಒಂದು.

ತತ್ತ್ವಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಪರಂಪರೆಯಿದೆ. ವಸ್ತುವನ್ನು ಅದೇ ವಸ್ತುವೆಂದು ಗುರುತಿಸುವುದು ಲಕ್ಷಣದಿಂದಲೋ, ಸ್ಮೃತಿಯಿಂದಲೋ? ನೈಯಾಯಿಕರು ಇದರ ಮೇಲೆ ಸಂಪುಟಗಟ್ಟಲೆ ಬರೆದಿದ್ದಾರೆ. ಹೆಂಡತಿ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಕಂಬವೊಂದಕ್ಕೆ ಒರಗಿ ಕಿವಿಗೊಟ್ಟರು. ಭೋಗರ್ ಸಿದ್ಧರ ಸನ್ನಿಧಿಯ ಕಡೆಯಿಂದ, ಗುರುತು ಪರಿಚಯವಿಲ್ಲದ ಒಂದು ಕುಟುಂಬಕ್ಕೆ ಯಾರೋ ಹರಕುಮುರುಕು ತಮಿಳಿನಲ್ಲಿ ಒಂಬತ್ತು ಪಾಷಾಣಗಳನ್ನು ಬೆರಳು ಮಡಿಚಿ ಎಣಿಸುತ್ತಿದ್ದರು. ಏಳನೆಯದು ನೆನಪಾಗದೆ ನಿಂತಿತ್ತು. ಹೆಂಡತಿ ನೇರವಾಗಿ ಅಲ್ಲಿಗೆ ನಡೆದರು.

ಆರು: ತುಲನಾತ್ಮಕ ವಿವೇಚನೆ

ಒಂದೇ ಗುಡ್ಡದಿಂದ ಸಿದ್ಧಾಂತ ಮಾಡುವುದು ಅವಸರವಾದೀತೆಂದು ಪ್ರಯೋಗವನ್ನು ಸುತ್ತಲಿನ ಸೀಮೆಗೂ ವಿಸ್ತರಿಸಲಾಯಿತು.

ದಿಂಡಿಗಲ್ ಕೋಟೆ ಈ ಶಾಸ್ತ್ರಕ್ಕೆಂದೇ ಕಟ್ಟಿದಂತಿದೆ. ಊರಿನ ಪಕ್ಕದಲ್ಲಿ ಬೋಳು ಬಂಡೆ, ಬಂಡೆಯಲ್ಲಿ ಕಡಿದ ಮೆಟ್ಟಿಲು, ನೆರಳಿನ ಸುಳಿವಿಲ್ಲ. ಚಪ್ಪಲಿ, ಫೋನು ಎರಡಕ್ಕೂ ಅಡ್ಡಿಯಿಲ್ಲದಿದ್ದರೂ ಮೈಸೂರಿನ ಗಂಡ ಅವುಗಳ ಗೊಡವೆಗೇ ಹೋಗಲಿಲ್ಲ. ಇಲ್ಲಿನ ಇತಿಹಾಸ ಅವರ ಮನೆಯದೇ. ಮೊದಲ ತಿರುವಿನಲ್ಲಿ, 1605ರಲ್ಲಿ ಮಧುರೆಯ ಮುತ್ತುಕೃಷ್ಣಪ್ಪ ನಾಯಕ ಕೋಟೆ ಕಟ್ಟಲು ತೊಡಗಿದ್ದು. ಎರಡನೆಯದರಲ್ಲಿ, 1755ರಲ್ಲಿ ಹೈದರಾಲಿ ಮೈಸೂರಿನ ಫೌಜುದಾರನಾಗಿ ಇಲ್ಲಿಗೆ ಬಂದದ್ದು, ಇಲ್ಲಿಂದಲೇ ಅವನ ಏಳಿಗೆ ಶುರುವಾದದ್ದು. ಆಮೇಲೆ ಬಿಸಿಲು ಏರಿತು, ಇತಿಹಾಸದ ವೇಗ ತಗ್ಗಿತು. 1783ರಲ್ಲಿ ಇಂಗ್ಲಿಷರು ಕೋಟೆ ಹಿಡಿದದ್ದಕ್ಕೆ ಒಂದು ನಿಲುಗಡೆ, ಮರುವರ್ಷ ಮಂಗಳೂರು ಒಪ್ಪಂದದಲ್ಲಿ ಟಿಪ್ಪುವಿಗೆ ಮರಳಿ ಬಂದದ್ದಕ್ಕೆ ಇನ್ನೊಂದು, 1790ರಲ್ಲಿ ಮತ್ತೆ ಕೈತಪ್ಪಿದ್ದಕ್ಕೆ ಮೂರನೆಯದು. ತುದಿಯ ಗುಡಿಯ ನೆರಳಿಗೆ ಮುಟ್ಟುವಷ್ಟರಲ್ಲಿ 1792ರ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಬಿದ್ದು ದಿಂಡಿಗಲ್ ಶಾಶ್ವತವಾಗಿ ಕಂಪನಿಯ ಪಾಲಾಯಿತು. ಕೋಟೆಯೊಂದು ಇಷ್ಟು ಸಲ ಕೈಬದಲಾಗಿರುವುದು ಏರುವವರ ಅನುಕೂಲಕ್ಕೆಂದೇ ತೋರುತ್ತದೆ. ಇಳಿಯುವಾಗ ಗಂಡ ಒಂದೂ ಇಸವಿ ಹೇಳಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ವಿರುದ್ಧ ಸಾಕ್ಷ್ಯ ಸಿಕ್ಕಿದ್ದು ಕೊಡೈಕೆನಾಲಿನ ಕೋಕರ್ಸ್ ವಾಕ್‌ನಲ್ಲಿ. ಲೆಫ್ಟಿನೆಂಟ್ ಕೋಕರ್ ಎಂಬಾತ 1872ರಲ್ಲಿ ಬೆಟ್ಟದ ಅಂಚಿಗೆ ಮಾಡಿಸಿದ, ಸುಮಾರು ಒಂದು ಕಿಲೋಮೀಟರಿನ ಕಾಲುದಾರಿ. ಹೆಚ್ಚು ಏರಿಳಿತವಿಲ್ಲ, ಗಾಳಿ ತಂಪು. ಇಲ್ಲಿ ದಂಪತಿಗಳು ಹಿಂದೆಮುಂದಾಗದೆ ಪಕ್ಕಪಕ್ಕ ನಡೆಯುತ್ತಾರೆ. ಗಂಡ ಕೋಕರ್ ಯಾರೆಂದು ಹೇಳಲೇ ಇಲ್ಲ. ಬೇಯಿಸಿದ ಜೋಳ ಕೊಂಡು ಅರ್ಧ ಮುರಿದು ಹೆಂಡತಿಗೆ ಕೊಟ್ಟರು. ದಾರಿ ಮಟ್ಟಸವಾದರೆ ಪಾಂಡಿತ್ಯ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಕಂಬಂ ಕಣಿವೆಯಲ್ಲಿ ಪ್ರಯೋಗಕ್ಕೆ ಅನಿರೀಕ್ಷಿತ ತೊಡಕು ಎದುರಾಯಿತು. ಪರಸ್ಥಳದಲ್ಲಿ ಗಂಡಹೆಂಡಿರು ಕನ್ನಡದಲ್ಲಿ ಎಷ್ಟು ಜೋರಾಗಿ ಜಗಳವಾಡಿದರೂ ಯಾರಿಗೂ ತಿಳಿಯುವುದಿಲ್ಲವೆಂಬುದು ಕರ್ನಾಟಕದ ಪ್ರವಾಸಿಗಳ ಮೂಲಭೂತ ನಂಬಿಕೆ. ತೇನಿಯಿಂದ ಕಂಬಂ ಕಡೆಗೆ ಹೋಗುವ ಬಸ್ಸಿನಲ್ಲಿ ಈ ನಂಬಿಕೆ ಅಪಾಯಕಾರಿ. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ಒಕ್ಕಲಿಗ ಕಾಪ್ಪಿಲಿಯರು ಈ ಕಣಿವೆಯಲ್ಲಿದ್ದಾರೆ. ದಿಂಡಿಗಲ್, ಮಧುರೆ ಕಡೆ ಅನುಪ್ಪರೂ ಇದ್ದಾರೆ. ಶಾಲೆ, ಸಂತೆ, ಕಚೇರಿ ಎಲ್ಲ ತಮಿಳಿನಲ್ಲಿ ನಡೆದರೂ ಮನೆಯೊಳಗಿನ ಮಾತು ಕನ್ನಡ. ‘ನಿಮ್ಮಮ್ಮ ಬಂದಾಗ ನಾನೇನಾದ್ರೂ ಅಂದಿದ್ನಾ?’ ಎಂಬ ಘಟ್ಟಕ್ಕೆ ಮಾತು ಬಂದಾಗ ಮುಂದಿನ ಸೀಟಿನ ಅಜ್ಜಿ ಹಿಂತಿರುಗಿ, ಉತ್ತರ ಕೇಳಿಯೇ ಇಳಿಯುವೆನೆಂಬಂತೆ ಗಂಡನ ಮುಖ ನೋಡತೊಡಗಿದರು.

ಯಾರು ಮುಂದೆ ನಡೆಯಬೇಕೆಂಬ ತಕರಾರಿಗೂ ಈ ಕಾಪ್ಪಿಲಿಯರ ಬಳಿ ಹಳೆಯ ಪರಿಹಾರವಿದೆ. ಕಂಬಂನಲ್ಲಿ ಇವರು ದೇವರ ಹೆಸರಿನಲ್ಲಿ ಸಾಕುವ ದನಗಳ ದೊಡ್ಡ ಹಿಂಡಿಗೆ ಒಂದು ಪಟ್ಟದ ಹೋರಿ. ಹೊಸ ಹೋರಿಗೆ ಪಟ್ಟ ಕಟ್ಟಬೇಕಾದಾಗ ಪೂಜೆ ಮಾಡಿ, ಹಿಂಡಿನ ಮುಂದೆ ಕಬ್ಬಿನ ಹೊರೆ ಇಡುತ್ತಿದ್ದರು. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೇ ಪಟ್ಟ ಎಂಬ ಪದ್ಧತಿಯನ್ನು ಶತಮಾನದ ಹಿಂದೆ ಥರ್ಸ್ಟನ್ ಎಂಬ ಜನಾಂಗ ಅಧ್ಯಯನಕಾರ ದಾಖಲಿಸಿದ್ದಾನೆ. ಚರ್ಚೆಯಿಲ್ಲ, ಮುನಿಸಿಲ್ಲ, ಮತದಾನವಿಲ್ಲ. ದಂಪತಿಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಲು ಕಬ್ಬಿನ ಹಾಲಿನ ಅಂಗಡಿಯೊಂದರ ಮುಂದೆ ಕಾದದ್ದಾಯಿತು. ಇಬ್ಬರೂ ಒಟ್ಟಿಗೇ ತಲುಪಿದ್ದರಿಂದ ಫಲಿತಾಂಶ ಪ್ರಕಟಿಸಲಾಗುತ್ತಿಲ್ಲ.

ಏಳು: ಪೂರ್ವಪಕ್ಷ ಮತ್ತು ಸಮಾಧಾನ

ಇಷ್ಟು ಕಷ್ಟಪಟ್ಟು ಹತ್ತುವುದೇಕೆ, ವಿಂಚ್‌ನಲ್ಲಿ ಕೂತರೆ ಎಂಟು ನಿಮಿಷ, ರೋಪ್ ಕಾರಿನಲ್ಲಿ ಮೂರೇ ನಿಮಿಷವಲ್ಲವೇ ಎಂದು ಪೂರ್ವಪಕ್ಷಿಗಳು ಕೇಳಬಹುದು. ಸಮಾಧಾನ: ಮೂರು ನಿಮಿಷದಲ್ಲಿ ಯಾವ ಗಂಡನೂ ಭೋಗರ್ ಸಿದ್ಧನ ಕಥೆ ಮುಗಿಸಲಾರ, ಯಾವ ಹೆಂಡತಿಯೂ ಅದನ್ನು ತಡೆಯಲಾರಳು. ಪ್ರಯೋಗ ಅಪೂರ್ಣವಾಗುತ್ತದೆ.

ಪಂಚಾಮೃತಕ್ಕಾಗಿಯೇ ಬರುವ ದಂಪತಿಗಳನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂಬುದು ಎರಡನೆಯ ಆಕ್ಷೇಪ. ಇದು ಗಂಭೀರ ಪ್ರಶ್ನೆ. ಬೆಟ್ಟಸೀಮೆಯ ವಿರೂಪಾಕ್ಷಿ ಬಾಳೆಹಣ್ಣು, ಬೆಲ್ಲ, ತುಪ್ಪ, ಜೇನು, ಏಲಕ್ಕಿ ಸೇರಿಸಿ, ಒಂದು ತೊಟ್ಟು ನೀರೂ ಹಾಕದೆ ಕಲಸುವ ಈ ಪ್ರಸಾದಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದೇ ವರ್ಷ ದಿಂಡಿಗಲ್ಲಿನ ಬೀಗಕ್ಕೂ ಸಿಕ್ಕಿದ್ದು ಕಾಕತಾಳೀಯವೆಂದು ಕೆಲವರು ವಾದಿಸುತ್ತಾರೆ. ಆದರೆ ಪಂಚಾಮೃತದ ಡಬ್ಬಿ ಮನೆಗೆ ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟ ಹೆಂಡತಿಯರಿಗೆ, ರಾತ್ರಿ ಹತ್ತರ ಮೇಲೆ ಚಮಚ ಹಿಡಿದು ಓಡಾಡುವ ಗಂಡಂದಿರಿಗೆ, ಈ ಎರಡು ಮಾನ್ಯತೆಗಳ ಸಂಬಂಧ ವಿವರಿಸಬೇಕಾಗಿಲ್ಲ.

ಎಂಟು: ಅಧ್ಯಯನದ ಮಿತಿಗಳು

ಮೊದಲಿಗೇ ಪಳನಿಯಷ್ಟು ದೊಡ್ಡ ಏರು ಹಿಡಿದದ್ದು ಈ ಅಧ್ಯಯನದ ಮಿತಿ. ಮುಂದಿನ ಸಂಶೋಧಕರು ಮುರುಗನ ಇತರ ನೆಲೆಗಳಲ್ಲಿ 60 ಮೆಟ್ಟಿಲಿನ ಸ್ವಾಮಿಮಲೆಯಿಂದ ಆರಂಭಿಸಿ, 365 ಮೆಟ್ಟಿಲಿನ ತಿರುತ್ತಣಿಯನ್ನು ಎರಡನೆಯ ಹಂತವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ವಾಮಿಮಲೆಯ ಮೆಟ್ಟಿಲುಗಳು 60 ಸಂವತ್ಸರಗಳ ಲೆಕ್ಕ, ತಿರುತ್ತಣಿಯವು ವರ್ಷದ ದಿನಗಳ ಲೆಕ್ಕ ಎನ್ನುತ್ತಾರೆ. ಸಂವತ್ಸರಗಳ ಹೆಸರು ಪ್ರಭವ, ವಿಭವ, ಶುಕ್ಲ ಎಂದು ಬಾಯಿಪಾಠ ಬರುವ ಗಂಡಂದಿರಿಗೆ ಸ್ವಾಮಿಮಲೆಯಲ್ಲಿ ಮೆಟ್ಟಿಲಿಗೊಂದು ನಿಲುಗಡೆಯ ಸೌಲಭ್ಯವಿರುವುದರಿಂದ, ಅಂಥವರನ್ನು ಪ್ರಯೋಗದಿಂದ ಹೊರಗಿಡಬೇಕು. ಲಾ ಪಾಸ್ ಪ್ರಯಾಣಕ್ಕೆ ಧನಸಹಾಯ ಕೋರಿ ಬರೆದ ಅರ್ಜಿಯ ಕರಡನ್ನು ಪ್ರಯೋಗಕ್ಕೊಳಪಟ್ಟ ಹೆಂಡತಿ ಓದಿ, ‘ಆ ದುಡ್ಡಲ್ಲಿ ಬಾತ್‌ರೂಮಿಗೆ ಟೈಲ್ಸ್ ಹಾಕಿಸಬಹುದು’ ಎಂಬ ಷರಾ ಬರೆದಿದ್ದಾರೆ.

ಕೊನೆಯದಾಗಿ ಒಂದು ಸಂಗತಿಯನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ದಾಖಲಿಸಬೇಕಾಗಿದೆ. ಪಳನಿಯಲ್ಲಿ ದಂಪತಿ ಹತ್ತಿದ್ದು ಮೆಟ್ಟಿಲ ದಾರಿಯಲ್ಲಿ. ಚಪ್ಪಲಿ ಬಿಟ್ಟದ್ದೂ, ಫೋನುಗಳನ್ನು ಕೌಂಟರಿಗೆ ಕೊಟ್ಟು ಟೋಕನ್ ಪಡೆದದ್ದೂ ಅಲ್ಲೇ. ಇಳಿದದ್ದು ರೋಪ್ ಕಾರಿನಲ್ಲಿ. ರೋಪ್ ಕಾರ್ ನಿಲ್ಲುವುದು ಗುಡ್ಡದ ಬೇರೊಂದು ಮಗ್ಗುಲಿನಲ್ಲಿ. ಇಬ್ಬರೂ ಬರಿಗಾಲಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಕಾದ ಗಿರಿವೀಧಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ದೇವಸ್ಥಾನದ ಬ್ಯಾಟರಿ ಗಾಡಿ ಆಗಷ್ಟೇ ತುಂಬಿ ಹೊರಟಿತ್ತು. ಟೋಕನ್ ಯಾರ ಹತ್ತಿರ ಇದೆಯೆಂಬ ಪ್ರಶ್ನೆ ಎದ್ದಿತು. ರೋಪ್ ಕಾರಿನಲ್ಲಿ ಇಳಿಯೋಣವೆಂದು ಮೊದಲು ಹೇಳಿದವರು ಯಾರೆಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಎರಡನೆಯ ಪ್ರಶ್ನೆಯ ಮೇಲೆ ಇಬ್ಬರೂ ಸಲ್ಲಿಸಿದ ಹೇಳಿಕೆಗಳು ಪರಸ್ಪರ ವಿರುದ್ಧವಾಗಿದ್ದು, ವಿಚಾರಣೆ ದಿಂಬಂ ಘಾಟಿಯ ಹದಿನಾಲ್ಕನೆಯ ತಿರುವಿನವರೆಗೂ ಮುಂದುವರಿದದ್ದರಿಂದ, ಅದನ್ನು ಪ್ರಸ್ತುತ ಪ್ರಬಂಧದ ವ್ಯಾಪ್ತಿಯಿಂದ ಹೊರಗಿಡಲಾಗಿದೆ.